ಪಕ್ಕವಾದ್ಯದ ಸ್ಥಾನದಿಂದ: ಪಿಟೀಲು ಚೌಡಯ್ಯನವರ ಏಳಿಗೆ

ಕೃಷ್ಣಾತೀರದ ಗಲಗಲಿಯವರಾದ ಸ್ನೇಹಿತರೊಬ್ಬರು ಮೈಸೂರಿಗೆ ಬಂದಿದ್ದಾಗ, ಅವರನ್ನು ಒಂದು ಸಂಜೆ ಸಂಗೀತ ಕಚೇರಿಗೆ ಕರೆದುಕೊಂಡು ಹೋಗಿದ್ದೆನು. ಹಿಂದೆ ಜಮಖಂಡಿ, ಮುಧೋಳ ಎಂಬ ಸಂಸ್ಥಾನಗಳಿದ್ದ ಸೀಮೆಯಲ್ಲಿ ಬೆಳೆದು, ಖಯಾಲನ್ನೂ ಭಜನೆಯನ್ನೂ ಕೇಳಿ ಪಳಗಿದ ಕಿವಿ ಅವರದು. ಗಾಯಕರು ರಾಗವನ್ನು ಸ್ವಲ್ಪ ದೂರ ವಿಸ್ತರಿಸಿ ನಿಲ್ಲಿಸಿದರು. ಪಕ್ಕದಲ್ಲಿ ಕುಳಿತಿದ್ದ ಪಿಟೀಲಿನವರು ಅದೇ ರಾಗವನ್ನು ಎತ್ತಿಕೊಂಡು ತಾವೂ ಅಷ್ಟು ದೂರ ಹೋಗಿ ಬಂದರು. ಹೀಗೆ ಎರಡು ಮೂರು ಬಾರಿ ನಡೆದ ಮೇಲೆ ಸ್ನೇಹಿತರು ನನ್ನ ಕಡೆಗೆ ಬಾಗಿ, "ಅಲ್ರೀ ರಾಯರ, ಹಾಡವರು ಹಾಡಿದ್ರು, ಸರಿ. ಅದನ್ನ ಇವರು ಮತ್ತೊಮ್ಮೆ ಹೇಳೂದು ಯಾಕ್ರೀ? ಒಮ್ಮೆ ಕೇಳಿದ್ದು ಸಾಲೂದಿಲ್ಲೇನು?" ಎಂದು ಮೆಲ್ಲಗೆ ಕೇಳಿದರು.

ಪ್ರಶ್ನೆಯು ಲಘುವಾಗಿ ಕಂಡರೂ ಅಲ್ಲಿಯೇ ಉತ್ತರ ಹೇಳುವಷ್ಟು ಸುಲಭವಾಗಿರಲಿಲ್ಲ. ಅವರ ಕಡೆಯಲ್ಲಿ ಗಾಯಕನಿಗೆ ಒತ್ತಾಸೆಯಾಗಿ ಸಾರಂಗಿಯೋ ಹಾರ್ಮೋನಿಯಮ್ಮೋ ಇರುವುದು ವಾಡಿಕೆ. ಅದು ಹಾಡಿನ ನೆರಳಿನಂತೆ ಹಿಂದೆ ಹಿಂದೆಯೇ ಸರಿಯುತ್ತದೆ. ಗಾಯಕನು ಸುಮ್ಮನಿದ್ದಾಗ ತಾನು ಮುಂದೆ ಬಂದು ರಾಗವನ್ನು ಬಿಡಿಸಿ ತೋರಿಸುವ ಸರದಿ ಅದಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಕಾವೇರೀತೀರದ ಪದ್ಧತಿಯಲ್ಲಿಯಾದರೋ ಪಿಟೀಲಿನವನು ಅರ್ಧ ಅನುಚರ, ಅರ್ಧ ಪ್ರತಿವಾದಿ. ಈ ಎರಡು ಪಾತ್ರಗಳನ್ನೂ ಒಂದೇ ಮೈಮೇಲೆ ಧರಿಸಿ, ಪಕ್ಕದ ಆಸನದಿಂದಲೇ ನಾಡಿನ ಪ್ರಖ್ಯಾತ ಪುರುಷನಾಗುವುದು ಹೇಗೆ ಸಾಧ್ಯವಾಯಿತೆಂಬುದನ್ನು ಹೇಳಬೇಕಾದರೆ, ತಿರುಮಕೂಡಲು ಚೌಡಯ್ಯನವರ ಏಳಿಗೆಯ ಕಥೆಯನ್ನೇ ಹೇಳಬೇಕು. ಅದನ್ನು ಈ ಹೊತ್ತು ಕೇಳುಗರ ಮುಂದೆ ಇಡಲು ಉದ್ದೇಶಿಸಿದ್ದೇನೆ.

ಮೊದಲು ವಾದ್ಯದ ವಿಚಾರ. ಪಿಟೀಲು ನಮ್ಮ ನೆಲದಲ್ಲಿ ಹುಟ್ಟಿದುದಲ್ಲವೆಂಬುದನ್ನು ಅದರ ಹೆಸರೇ ಸಾರುತ್ತದೆ. ಇಂಗ್ಲಿಷರ ಫಿಡ್ಲ್ ನಮ್ಮ ನಾಲಗೆಯ ಮೇಲೆ ಹೊರಳಿ ಪಿಟೀಲಾಯಿತು. ಅದು ಮೈಸೂರು ಸೀಮೆಗೆ ಯಾವಾಗ ಬಂದಿತೆಂದು ಕೇಳುವವರಿಗೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆಯ ಚಿತ್ರವನ್ನು ತೋರಿಸುವುದುಂಟು. ೧೭೮೪ರಲ್ಲಿ ಕಟ್ಟಿದ ಆ ಅರಮನೆಯ ಚಿತ್ರಗಳಲ್ಲಿ ಪಿಟೀಲನ್ನು ಹಿಡಿದ ಹೆಂಗಸಿನದೂ ಒಂದು. ಆದರೆ ಆ ಗೋಡೆಗಳಿಗೆ ಮುಂದಿನ ಕಾಲದಲ್ಲಿ ಮತ್ತೆ ಬಣ್ಣ ಹಾಕಿಸಿದ್ದಾರೆ. ೧೮೫೫ರಲ್ಲಿ ಡಾಲ್‌ಹೌಸಿಯ ಆಜ್ಞೆಯಿಂದ ಅವನ್ನು ಹೊಸದಾಗಿ ಬರೆಯಿಸಿದುದು ಪ್ರಸಿದ್ಧವಾಗಿದೆ. ಆದುದರಿಂದ ಚಿತ್ರದ ಸಾಕ್ಷ್ಯವನ್ನು ಸಲ್ಲುವಷ್ಟಕ್ಕೆ ಮಾತ್ರ ನಂಬತಕ್ಕದ್ದು. ಇದಕ್ಕಿಂತ ಗಟ್ಟಿಯಾದ ಆಧಾರವು ಚೆನ್ನಪಟ್ಟಣದ ಕಡೆಯದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅಲ್ಲಿಯ ಕೋಟೆಯ ಐರೋಪ್ಯ ವಾದ್ಯಗಾರರಿಂದ ಈ ವಾದ್ಯವನ್ನು ಅಭ್ಯಾಸಮಾಡಿ, ಅದರಲ್ಲಿ ನಮ್ಮ ರಾಗಗಳನ್ನು ನುಡಿಸತೊಡಗಿದರು. ತಂಜಾವೂರಿನ ನಾಲ್ವರು ಸೋದರರಲ್ಲಿ ಒಬ್ಬರಾದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ೧೮೩೪ರಲ್ಲಿ ದಂತದ ಪಿಟೀಲೊಂದನ್ನು ಕೊಟ್ಟು ಸನ್ಮಾನಿಸಿದರು. ಆ ಸೋದರರಲ್ಲಿ ಹಿರಿಯರಾದ ಚಿನ್ನಯ್ಯನವರು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದವರು.

ಪರದೇಶದ ವಾದ್ಯವೊಂದು ಇಷ್ಟು ಶೀಘ್ರವಾಗಿ ಮನೆಮಗಳಾದುದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳು ತಂತಿಯ ಮೇಲೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಾರಬಹುದು. ಜಾರುವುದೂ ಅಲುಗುವುದೂ ನಮ್ಮ ಗಮಕದ ಪ್ರಾಣವಷ್ಟೆ. ವೀಣೆಯಲ್ಲಿ ಮೀಟಿದ ನಾದವು ಹುಟ್ಟಿದ ಗಳಿಗೆಯಿಂದಲೇ ಕ್ಷಯಿಸತೊಡಗುತ್ತದೆ. ಕಮಾನಿನ ನಾದವು ಎಳೆದಷ್ಟೂ ನಿಲ್ಲುತ್ತದೆ. ಮನುಷ್ಯಕಂಠಕ್ಕೆ ಇದಕ್ಕಿಂತ ಸಮೀಪವಾದ ವಾದ್ಯ ಬೇರೆ ಯಾವುದಿದೆ? ನಮ್ಮವರು ಅದನ್ನು ನಿಂತು ಗದ್ದಕ್ಕೆ ಒತ್ತಿ ನುಡಿಸುವ ಪದ್ಧತಿಯನ್ನು ಬಿಟ್ಟು, ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಮೇಲೆ ಇಟ್ಟು, ಬುಡವನ್ನು ಎದೆಗೆ ಆನಿಸಿಕೊಂಡರು. ಎಡಗೈಗೆ ಹಿಡಿಯುವ ಭಾರ ತಪ್ಪಿ, ಜಾರುವ ಸ್ವಾತಂತ್ರ್ಯ ಬಂದಿತು. ತಂತಿಗಳನ್ನು ಷಡ್ಜ ಪಂಚಮಗಳಿಗೆ ಸೇರಿಸಿ, ಗಾಯಕನ ಶ್ರುತಿಗೆ ತಕ್ಕಂತೆ ಏರಿಸುವುದನ್ನೂ ಇಳಿಸುವುದನ್ನೂ ರೂಢಿಮಾಡಿಕೊಂಡರು.

ಆದರೂ ಮೈಸೂರು ಬಹುಕಾಲ ವೀಣೆಯ ಊರಾಗಿಯೇ ಉಳಿಯಿತು. ವೀಣೆ ಶೇಷಣ್ಣನವರು (೧೮೫೨–೧೯೨೬), ವೀಣೆ ಸುಬ್ಬಣ್ಣನವರು ಇವರ ಕೀರ್ತಿಯ ಮುಂದೆ ಪಿಟೀಲು ಪಕ್ಕದಲ್ಲಿ ಕುಳಿತು ತಲೆದೂಗುವ ವಾದ್ಯ. ನಾಲ್ವಡಿ ಕೃಷ್ಣರಾಜ ಒಡೆಯರು ಸ್ವತಃ ಪಿಟೀಲನ್ನು ನುಡಿಸಬಲ್ಲವರಾಗಿದ್ದರು; ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಮೇಳವೂ ಇತ್ತು. ಇಷ್ಟಿದ್ದರೂ ದಕ್ಷಿಣದ ದೊಡ್ಡ ಪಿಟೀಲು ವಿದ್ವಾಂಸರ ಹೆಸರನ್ನು ಹೇಳುವಾಗ ತಿರುಕ್ಕೋಡಿಕಾವಲ್ ಕೃಷ್ಣಯ್ಯರ್, ತಿರುಚ್ಚಿಯ ಗೋವಿಂದಸ್ವಾಮಿ ಪಿಳ್ಳೆ ಎಂದು ತಮಿಳು ಸೀಮೆಯವರನ್ನೇ ಎಣಿಸುತ್ತಿದ್ದರು. ಕನ್ನಡ ನಾಡಿನಿಂದ ಆ ಪಂಕ್ತಿಯಲ್ಲಿ ಕೂರತಕ್ಕವರು ಇನ್ನೂ ಬರಬೇಕಾಗಿತ್ತು.

ಕಾವೇರಿಯೂ ಕಪಿಲೆಯೂ ಕೂಡುವ ತಿರುಮಕೂಡಲು ನರಸೀಪುರವನ್ನು ನೋಡದವರು ವಿರಳ. ಒಂದು ದಡದಲ್ಲಿ ಗುಂಜಾ ನರಸಿಂಹಸ್ವಾಮಿ, ಇನ್ನೊಂದರಲ್ಲಿ ಅಗಸ್ತ್ಯೇಶ್ವರ. ಚೌಡಯ್ಯನವರು ಹುಟ್ಟಿದುದು ಇಲ್ಲಿ, ೧೮೯೫ರಲ್ಲಿ. ತಂದೆಯವರ ಹೆಸರು ಅಗಸ್ತ್ಯೇಗೌಡ; ಊರ ದೇವರ ಹೆಸರೇ ಮನೆಯ ಯಜಮಾನನ ಹೆಸರಾಗಿದ್ದಿತು. ತಾಯಿ ಸುಂದರಮ್ಮನವರು. ಅರಮನೆಯ ಆಸ್ಥಾನದಲ್ಲಿ ತಲೆತಲಾಂತರದಿಂದ ವಿದ್ಯೆಯನ್ನು ಉಳಿಸಿಕೊಂಡು ಬಂದ ವೈಣಿಕರ ಮನೆತನ ಇದಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ವೀಣೆ ಶೇಷಣ್ಣನವರ ವಿಷಯದಲ್ಲಿ ಒಂದು ಕಥೆಯುಂಟು: ಹತ್ತು ವರ್ಷದ ಬಾಲಕ ಶೇಷಣ್ಣ, ಹೊರಗಿನಿಂದ ಬಂದ ವಿದ್ವಾಂಸರು ಸವಾಲಿನಂತೆ ಹಾಡಿದ ಪಲ್ಲವಿಯನ್ನು ಮಹಾರಾಜರ ಸಮ್ಮುಖದಲ್ಲಿ ತಿರುಗಿ ಹಾಡಿ, ಮುತ್ತಿನ ಹಾರವನ್ನು ಪಡೆದನಂತೆ. ಕಥೆಯಲ್ಲಿ ಅಲಂಕಾರವೆಷ್ಟು, ನಡೆದುದೆಷ್ಟು ಎಂಬುದು ಹೇಗಾದರೂ ಇರಲಿ. ಆ ಬಾಲಕನ ತಂದೆ ಚಿಕ್ಕರಾಮಪ್ಪನವರೇ ಆಸ್ಥಾನದ ವಿದ್ವಾಂಸರು. ತೊಟ್ಟಿಲಲ್ಲಿಯೇ ಕೇಳಿದ ಸಂಗೀತ ಅದು. ಚೌಡಯ್ಯನವರಿಗೆ ಅಂತಹ ತೊಟ್ಟಿಲಿರಲಿಲ್ಲ. ಅವರು ವಿದ್ಯೆಯನ್ನು ಅರಸಿಕೊಂಡು ಹೋಗಬೇಕಾಯಿತು.

ಅವರು ೧೯೧೦ರಲ್ಲಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ಆಗ ವಯಸ್ಸು ಹದಿನೈದು.

ಬಾಲಪ್ರತಿಭೆಯೆಂಬ ಮಾತನ್ನು ನಾವು ಈಚೆಗೆ ಬಹಳ ಉದಾರವಾಗಿ ಬಳಸುತ್ತಿದ್ದೇವೆ. ಐರೋಪ್ಯರ ಲೆಕ್ಕದಲ್ಲಿಯಾದರೆ ಹದಿನೈದು ವರ್ಷವೆಂದರೆ ಪ್ರತಿಭೆಯು ಪ್ರಕಟವಾಗಿ, ಹಣ್ಣಾಗಿ, ಕೆಲವೊಮ್ಮೆ ಬಾಡಿಯೂ ಹೋಗತಕ್ಕ ವಯಸ್ಸು. ೧೯೧೬ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಯಹೂದಿ ಮೆನುಹಿನ್ ಎಂಬವರು ಏಳನೆಯ ವಯಸ್ಸಿನಲ್ಲಿ ದೊಡ್ಡ ವಾದ್ಯಮೇಳದೊಡನೆ ನುಡಿಸಿದರು. ೧೯೨೯ರಲ್ಲಿ, ಹದಿಮೂರು ತುಂಬುವುದರೊಳಗಾಗಿ, ಬರ್ಲಿನ್ನಿನಲ್ಲಿ ಬಾಖ್, ಬೀಥೋವನ್, ಬ್ರಾಮ್ಸ್ ಮೂವರ ಕೃತಿಗಳನ್ನೂ ಒಂದೇ ರಾತ್ರಿಯಲ್ಲಿ ನುಡಿಸಿ ಲೋಕವನ್ನು ಬೆರಗುಗೊಳಿಸಿದರು. ೧೯೫೨ರಲ್ಲಿ ಅವರು ಭರತಖಂಡಕ್ಕೂ ಬಂದಿದ್ದರು. ಅಲ್ಲಿಯ ಬಾಲಕನು ಬೇರೊಬ್ಬನು ಬರೆದಿಟ್ಟ ಕೃತಿಯನ್ನು ಪೂರ್ಣವಾಗಿ ವಶಮಾಡಿಕೊಂಡು ಒಪ್ಪಿಸಬೇಕು. ಅದು ಅಸಾಧಾರಣವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ನಮ್ಮಲ್ಲಿ ಬರೆದುದು ಅಲ್ಪ, ಬರೆಯದೆ ಇರುವುದು ಅಪಾರ. ರಾಗವು ಕಾಗದದ ಮೇಲಿಲ್ಲ. ಕೃತಿಯನ್ನು ಕಲಿತ ಬಾಲಕನಿಗೆ ಇನ್ನೂ ರಾಗ ತಿಳಿದಿರುವುದಿಲ್ಲ. ರಾಗ ತಿಳಿದವನಿಗೆ ಮುಂದೆ ಕುಳಿತ ಗಾಯಕನ ಮನಸ್ಸು ತಿಳಿದಿರುವುದಿಲ್ಲ. ಅದಕ್ಕೆ ವರ್ಷಗಳು ಬೇಕು, ಬೈಗುಳವೂ ಬೇಕು.

ಬಿಡಾರಂ ಕೃಷ್ಣಪ್ಪನವರು (೧೮೬೬–೧೯೩೧) ಮೂಲತಃ ಕರಾವಳಿಯ ನಂದಳಿಕೆಯವರು. ಮೈಸೂರಿನ ಆಸ್ಥಾನದ ಗಾಯಕರಾಗಿ ಪ್ರಸಿದ್ಧರಾದವರು. ತ್ಯಾಗರಾಜರ ಕೃತಿಗಳ ಜೊತೆಗೆ ನಮ್ಮ ದಾಸರ ಪದಗಳನ್ನೂ ಕಚೇರಿಯ ವೇದಿಕೆಯಲ್ಲಿ ಗೌರವದಿಂದ ಕೂರಿಸಿದವರಲ್ಲಿ ಅವರು ಮುಖ್ಯರು. ಮೈಸೂರಿನಲ್ಲಿ ಅವರು ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರವು ಈಗಲೂ ಸಂಗೀತದ ಸ್ಥಾನವೇ ಆಗಿದೆ. ಶಿಷ್ಯರನ್ನು ಶಿಸ್ತಿನಲ್ಲಿ ಇಡುವುದರಲ್ಲಿ ಕಠೋರರೆಂದು ಹೆಸರಾಗಿದ್ದರು. ೧೯೧೦ರಿಂದ ೧೯೧೮ರವರೆಗೆ, ಎಂಟು ವರ್ಷ, ಚೌಡಯ್ಯನವರು ಅವರ ಬಳಿಯಲ್ಲಿ ಕಲಿತರು. ಜಲತರಂಗವೇ ಮೊದಲಾದ ಹಲವು ವಾದ್ಯಗಳಲ್ಲಿ ಪರಿಣತರೆನಿಸಿದ ದೇವೇಂದ್ರಪ್ಪನವರೂ ಇದೇ ಗುರುವಿನ ಶಿಷ್ಯರು.

ಗುರುಗಳು ಗಾಯಕರು, ಶಿಷ್ಯರು ಪಿಟೀಲಿನವರು ಎಂಬುದು ಈ ಎಂಟು ವರ್ಷಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ವಾದ್ಯಗಾರನಿಂದಲೇ ವಾದ್ಯವನ್ನು ಕಲಿತವನು ಬೆರಳಿನ ಚಮತ್ಕಾರಕ್ಕೆ ಬೇಗ ಮರುಳಾಗುತ್ತಾನೆ. ವಾದ್ಯಕ್ಕೆ ಯಾವುದು ಸುಲಭವೋ ಅದೇ ಸಂಗೀತವೆಂದು ನಂಬಿಬಿಡುತ್ತಾನೆ. ಗಾಯಕನಿಂದ ಕಲಿತವನಿಗೆ ಆ ಸೌಕರ್ಯವಿಲ್ಲ. ಬಾಯಿಂದ ಬಂದುದನ್ನು ಕೈ ಹೇಳಬೇಕು. ಪದವು ಎಲ್ಲಿ ಒಡೆಯಬಾರದೋ ಅಲ್ಲಿ ಕಮಾನು ತಿರುಗಬಾರದು. ಉಸಿರು ಎಲ್ಲಿ ನಿಲ್ಲುವುದೋ ಅಲ್ಲಿ ನಾದವೂ ನಿಲ್ಲಬೇಕು. ಸಾಹಿತ್ಯವನ್ನು ಬಾಯಲ್ಲಿ ಹಾಡಬಲ್ಲವನಿಗಲ್ಲದೆ ಇದು ತಿಳಿಯತಕ್ಕದ್ದಲ್ಲ. ಚೌಡಯ್ಯನವರ ನುಡಿಸಾಣಿಕೆಯನ್ನು ಹಳೆಯ ಮುದ್ರಿಕೆಗಳಲ್ಲಿ ಕೇಳುವವರಿಗೆ ಕೃತಿಯ ಮಾತುಗಳೇ ಕಿವಿಗೆ ಬಿದ್ದಂತಾಗುವುದುಂಟು. ಅದರ ಬೇರು ಈ ಗಾಯಕನ ಮನೆಯಲ್ಲಿದೆಯೆಂದು ನನ್ನ ನಂಬಿಕೆ.

ಇಷ್ಟು ಕಲಿತು ಹೊರಗೆ ಬಂದವರಿಗೆ ಕಾದಿದ್ದ ಸ್ಥಾನ ಯಾವುದು? ಪಕ್ಕವಾದ್ಯದ ಸ್ಥಾನ. ನನ್ನ ಗಲಗಲಿಯ ಸ್ನೇಹಿತರ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕು.

ಕಚೇರಿಯಲ್ಲಿ ಪಿಟೀಲಿನವನಿಗೆ ಮೂರು ವಿಧವಾದ ಕೆಲಸ. ಗಾಯಕನು ಕೃತಿಯನ್ನು ಹಾಡುವಾಗ ಅವನು ಕೂದಲೆಳೆಯಷ್ಟೂ ಹಿಂದುಳಿಯದೆ ಜೊತೆಗೆ ಹೋಗಬೇಕು. ಯಾವ ಕೃತಿ ಬರುವುದೆಂದು ಅವನಿಗೆ ಮೊದಲೇ ಹೇಳಿರುವುದಿಲ್ಲ. ಒಟ್ಟಿಗೆ ಕುಳಿತು ಅಭ್ಯಾಸ ಮಾಡಿರುವುದಿಲ್ಲ. ಒಂದೊಂದು ಕೃತಿಗೂ ಪರಂಪರೆಗೊಂದರಂತೆ ಪಾಠಾಂತರಗಳು. ಈ ರಾತ್ರಿ ಯಾವುದೆಂಬುದನ್ನು ಮೊದಲ ಆವರ್ತದಲ್ಲಿಯೇ ಹಿಡಿಯಬೇಕು. ಎರಡನೆಯದು, ರಾಗಾಲಾಪನೆ. ಗಾಯಕನು ಹಾಡುವಾಗ ಅವನ ಸಂಚಾರದ ಕೊನೆಯನ್ನು ಹಿಡಿದು ನಾದವನ್ನು ನಿಲ್ಲಿಸಿಕೊಡುವುದು. ಅವನು ಮುಗಿಸಿದ ಮೇಲೆ ಅದೇ ರಾಗವನ್ನು ತಾನು ಕಂಡಂತೆ ತೋರಿಸುವುದು. ಇದು ಪುನರುಕ್ತಿಯಲ್ಲ. ಒಂದೇ ಊರಿಗೆ ಇನ್ನೊಂದು ದಾರಿಯಿಂದ ಹೋಗಿಬಂದಂತೆ. ಮೂರನೆಯದು, ನೆರವಲು ಮತ್ತು ಕಲ್ಪನಾಸ್ವರಗಳಲ್ಲಿ ಗಾಯಕನ ಮಾತಿಗೆ ಒಡನೆಯೇ ಮರುಮಾತು. ಇಲ್ಲಿ ಮಾತ್ರ ಅವನು ನಿಜವಾಗಿ ಪ್ರತಿವಾದಿ. ಗಾಯಕನಿಗಿಂತ ಕಡಮೆಯಾದರೆ ಕಚೇರಿ ಸಪ್ಪೆ, ಹೆಚ್ಚಾದರೆ ಅವಿನಯ. ಮರುದಿನ ಬೇರೊಂದು ಊರಿನಲ್ಲಿ, ಬೇರೊಂದು ಶ್ರುತಿಯಲ್ಲಿ, ಬೇರೊಂದು ಮನೋಧರ್ಮದ ಗಾಯಕನೊಡನೆ ಇದೆಲ್ಲ ಮತ್ತೆ ಮೊದಲಿನಿಂದ.

ಕರ್ಣಾಟಕ ಪದ್ಧತಿಯ ಗಾಯಕನಿಗೆ ಪಿಟೀಲಿಲ್ಲದೆ ಕಚೇರಿ ಇಲ್ಲವೆಂಬಂತಾದುದರಿಂದಲೇ, ಒಳ್ಳೆಯ ಪಿಟೀಲು ವಿದ್ವಾಂಸನನ್ನು ಎಲ್ಲ ಊರಿನವರೂ ಬಯಸುವ ಸ್ಥಿತಿ ಬಂದಿತು. ಇದಕ್ಕೆ ಕಾಲದ ಅನುಕೂಲವೂ ಸೇರಿತು. ರಾಜರ ಸಭೆಯಲ್ಲಿ, ಶ್ರೀಮಂತರ ಮನೆಯ ಮದುವೆಯಲ್ಲಿ, ದೇವಾಲಯದ ಉತ್ಸವದಲ್ಲಿ ನಡೆಯುತ್ತಿದ್ದ ಸಂಗೀತವು ಈ ಶತಮಾನದ ಹಿಂದಿನ ಶತಮಾನದ ಮೊದಲ ದಶಕಗಳಲ್ಲಿ ಸಭೆಗಳ ಕೈಗೆ ಬಂದಿತು. ೧೯೨೮ರಲ್ಲಿ ಮದರಾಸಿನ ಸಂಗೀತ ವಿದ್ವತ್ಸಭೆ ಸ್ಥಾಪಿತವಾಯಿತು. ೧೯೩೯ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಮಸೇವಾ ಮಂಡಲಿ ಹುಟ್ಟಿತು. ಚಂದಾ ಕೊಟ್ಟು ಬರುವ ಕೇಳುಗರು, ರೈಲಿನಲ್ಲಿ ಊರೂರು ಸುತ್ತುವ ವಿದ್ವಾಂಸರು, ಚಪ್ಪರಗಳಲ್ಲಿ ಸಾವಿರಾರು ಜನ. ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್, ಚೆಂಬೈ ವೈದ್ಯನಾಥ ಭಾಗವತರ್ ಮೊದಲಾದ ಆ ಕಾಲದ ಅಗ್ರಗಣ್ಯ ಗಾಯಕರೆಲ್ಲರಿಗೂ ಚೌಡಯ್ಯನವರು ಪಕ್ಕವಾದ್ಯ ನುಡಿಸಿದರು. ಚೆಂಬೈಯವರ ಕಂಚಿನ ಕಂಠ, ಚೌಡಯ್ಯನವರ ಪಿಟೀಲು, ಪಾಲಘಾಟ್ ಮಣಿ ಅಯ್ಯರವರ ಮೃದಂಗ, ಈ ಮೂರೂ ಸೇರಿದ ಕಚೇರಿಯೆಂದರೆ ಜನ ಊಟವನ್ನೂ ಮರೆತು ಬಂದು ಕೂರುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ತಿರುಮಕೂಡಲಿನ ಹುಡುಗ ಹೀಗೆ ಇಡೀ ದಕ್ಷಿಣದವನಾದನು.

ಆದರೆ ಚಪ್ಪರವು ದೊಡ್ಡದಾದಂತೆ ಒಂದು ತೊಡಕೂ ದೊಡ್ಡದಾಯಿತು. ಆ ಕಾಲದಲ್ಲಿ ಧ್ವನಿವರ್ಧಕ ಯಂತ್ರವಿಲ್ಲ. ಗಾಯಕರು ಎತ್ತರದ ಶ್ರುತಿಯಲ್ಲಿ ಗಂಟಲು ತೆರೆದು ಹಾಡಿ ಕೊನೆಯ ಸಾಲನ್ನು ಮುಟ್ಟುತ್ತಿದ್ದರು. ಮೃದಂಗಕ್ಕಂತೂ ಚಿಂತೆಯೇ ಇಲ್ಲ. ನಡುವೆ ಪಿಟೀಲು! ಐರೋಪ್ಯರ ಚಿಕ್ಕ ಕೊಠಡಿಗೂ ಕಲ್ಲುಗೋಡೆಯ ಸಭಾಂಗಣಕ್ಕೂ ತಕ್ಕಂತೆ ಮಾಡಿದ ಆ ಸಣ್ಣ ಮರದ ಪೆಟ್ಟಿಗೆಯ ನಾದವು ನಮ್ಮ ತೆಂಗಿನ ಗರಿಯ ಚಪ್ಪರದಲ್ಲಿ, ಮಕ್ಕಳ ಅಳುವಿನ ನಡುವೆ, ಎಷ್ಟು ದೂರ ಹೋದೀತು? ಮುಂದಿನ ನಾಲ್ಕು ಸಾಲಿನವರು ತಲೆದೂಗುತ್ತಿದ್ದರೆ ಹಿಂದಿನವರಿಗೆ ಕಮಾನು ಓಡಾಡುವುದಷ್ಟೇ ಕಾಣಿಸುತ್ತಿತ್ತು. ಗಾಯಕನು ನಿಲ್ಲಿಸಿ ಪಿಟೀಲಿಗೆ ಸರದಿ ಬಿಟ್ಟಾಗ, ಹಿಂದೆ ಕುಳಿತವರು ಮಾತಿಗೆ ತೊಡಗುತ್ತಿದ್ದರೆಂದು ಬೇರೆ ಹೇಳಬೇಕಾಗಿಲ್ಲ. ಕೇಳಿಸದ ಮೇಲೆ ಪ್ರತಿವಾದಿಯೆಲ್ಲಿ ಬಂದ? ನೆರಳೂ ಉಳಿಯುವುದಿಲ್ಲ.

ಚೌಡಯ್ಯನವರು ಇದಕ್ಕೆ ಕಂಡುಕೊಂಡ ಉಪಾಯವೇ ಏಳು ತಂತಿಯ ಪಿಟೀಲು. ಇದು ೧೯೨೭ರ ಸುಮಾರಿನ ಮಾತು. ಅವರಿಗೆ ಆಗ ಮೂವತ್ತೆರಡು ವರ್ಷ. ವಾಡಿಕೆಯ ನಾಲ್ಕು ತಂತಿಗಳಿಗೆ ಇನ್ನು ಮೂರನ್ನು ಸೇರಿಸಿ, ಜೋಡಿ ತಂತಿಗಳ ಮೇಲೆ ಒಂದೇ ಕಮಾನು ಒಂದೇ ಬಾರಿಗೆ ಹರಿಯುವಂತೆ ಮಾಡಿದರು. ಒಬ್ಬನು ಹಾಡುವಲ್ಲಿ ಇಬ್ಬರು ಹಾಡಿದಂತೆ ನಾದವು ತುಂಬಿ ಬಂದಿತು. ಹೇಳುವುದಕ್ಕೆ ಸುಲಭ. ಮಾಡುವವರ ಕಷ್ಟ ವಾದ್ಯವನ್ನು ಹಿಡಿದವರಿಗೇ ಗೊತ್ತು. ತಂತಿಯೊಂದು ಹೆಚ್ಚಾದರೆ ಕುದುರೆಯ ಮೇಲೂ ಅದರ ಕೆಳಗಿನ ತೆಳುವಾದ ಹಲಗೆಯ ಮೇಲೂ ಭಾರ ಹೆಚ್ಚು. ಮೂರು ಹೆಚ್ಚಾದರೆ ಕೇಳಬೇಕಾದುದಿಲ್ಲ. ಬಿರಡೆಗಳಿಗೆ ಹೊಸ ರಂಧ್ರಗಳು ಬೇಕು. ಒಂದು ಬೆರಳಿನ ತುದಿಯು ಎರಡು ತಂತಿಗಳನ್ನು ಸಮನಾಗಿ ಒತ್ತಬೇಕು. ಒಂದು ಕೂದಲಿನಷ್ಟು ಓರೆಯಾದರೂ ಜೋಡಿಯು ಒಡೆದು ಜಗಳವಾಡುತ್ತದೆ. ಬೇಸಗೆಯ ರಾತ್ರಿ ಗಂಟೆಗಂಟೆಗೂ ಇಳಿಯುವ ಶ್ರುತಿಯನ್ನು ನಾಲ್ಕು ತಂತಿಗಳಲ್ಲಿ ಕಾಯುವುದೇ ಕಷ್ಟ. ಏಳರಲ್ಲಿ ಕಾಯುತ್ತಾ, ಮುಂದೆ ಹಾಡುವವರನ್ನೂ ಹಿಂಬಾಲಿಸುತ್ತಾ, ನಾಲ್ಕು ಐದು ಗಂಟೆಗಳ ಕಾಲ ಕೂರಬೇಕು. ಬೆರಳು ಬಲವಾಗಿರಬೇಕು, ಕಮಾನು ಉದ್ದವಾಗಿ, ಭಾರವಾಗಿ, ಆದರೆ ಒರಟಾಗದಂತೆ ನಡೆಯಬೇಕು. ಎಂಟು ವರ್ಷದ ಗುರುಕುಲವಾಸವು ಕೈಗೆ ಕೊಟ್ಟಿದ್ದ ಬಲವು ಇಲ್ಲಿ ಉಪಯೋಗಕ್ಕೆ ಬಂದಿತು.

ಈ ನೂತನ ಕ್ರಮವನ್ನು ಎಲ್ಲರೂ ಮೆಚ್ಚಿದರೆಂದು ಹೇಳಿದರೆ ಚರಿತ್ರೆಗೆ ಅಪಚಾರವಾಗುತ್ತದೆ. ಹೊಸದನ್ನು ಕಂಡಾಗ ಹುಬ್ಬು ಗಂಟಿಕ್ಕುವುದು ವಿದ್ವತ್ಪ್ರಪಂಚದ ಹಳೆಯ ಅಭ್ಯಾಸ. ಆಕ್ಷೇಪಣೆಯಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಎರಡು ತಂತಿಗಳು ಕೂಡಿ ನುಡಿದಾಗ ನಾದಕ್ಕೆ ತುಂಬು ಬರುತ್ತದೆ. ಆದರೆ ಒಂಟಿ ತಂತಿಯ ಸೂಕ್ಷ್ಮವಾದ ಮೊನೆ ಸ್ವಲ್ಪ ಮಣಿಯುತ್ತದೆ. ಅದೇ ಕಾಲದಲ್ಲಿ ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯುಡು ಅವರು (೧೮೯೩–೧೯೬೪) ನಾಲ್ಕು ತಂತಿಗಳಲ್ಲಿಯೇ, ಕಮಾನನ್ನು ಹಗುರವಾಗಿ ಎಳೆದು, ಬೆಣ್ಣೆಯಂತಹ ನಾದವನ್ನು ತೆಗೆಯುತ್ತಿದ್ದರು. ಪಿಟೀಲನ್ನು ಪಕ್ಕದಿಂದ ಎಬ್ಬಿಸಿ ನಡುವೆ ಕೂರಿಸಿ, ಅದೊಂದರದೇ ಕಚೇರಿಯನ್ನು ನಡೆಸಿ ತೋರಿಸಿದವರಲ್ಲಿ ಅವರು ಅಗ್ರಗಣ್ಯರು. ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆಯವರು (೧೮೯೮–೧೯೭೦) ಮಿತಿಯನ್ನು ಮೀರದ ಪಕ್ಕವಾದ್ಯಕ್ಕೆ ಮಾದರಿ. ದ್ವಾರಂ, ಚೌಡಯ್ಯ, ರಾಜಮಾಣಿಕ್ಯಂ ಎಂದು ಆ ತಲೆಮಾರಿನ ಪಿಟೀಲಿನ ತ್ರಿಮೂರ್ತಿಗಳನ್ನು ಎಣಿಸುವುದು ರೂಢಿ. ಒಂದೇ ವಾದ್ಯ, ಮೂರು ದಾರಿ. ಚೌಡಯ್ಯನವರ ದಾರಿ ಕೊನೆಯ ಸಾಲಿನಲ್ಲಿ ಕುಳಿತವನ ಕಡೆಗೆ ಹೋಗತಕ್ಕ ದಾರಿ. ಮೂರರಲ್ಲಿ ಯಾವುದು ಮೇಲೆಂದು ಕೇಳಿದರೆ ನಾನು ಉತ್ತರ ಹೇಳಲಾರೆ. ಯಾವುದು ಹೆಚ್ಚು ಧೈರ್ಯದ್ದೆಂದು ಕೇಳಿದರೆ ಚೌಡಯ್ಯನವರದೆಂದು ಹೇಳಲು ಅನುಮಾನಿಸುವುದಿಲ್ಲ. ಬಾಳಿನ ನಡುವಿನಲ್ಲಿ, ಕೀರ್ತಿಯು ಕೈಗೆ ಬಂದಿರುವಾಗ, ಕಲಿತ ವಾದ್ಯವನ್ನು ಬದಲಿಸಿಕೊಂಡು ಬೆರಳುಗಳಿಗೆ ಮತ್ತೆ ಹೊಸದಾಗಿ ಪಾಠ ಹೇಳುವುದೆಂದರೆ, ಜನರ ಮುಂದೆ ಮುಗ್ಗರಿಸುವುದಕ್ಕೆ ಸಿದ್ಧನಾದಂತೆಯೇ ಸರಿ.

ಇನ್ನು ಮುಂದಿನದು ವಿಧಿಯ ಚೇಷ್ಟೆಯಂತೆ ತೋರುತ್ತದೆ. ಯಾವ ಕೊರತೆಗಾಗಿ ಅವರು ಇಷ್ಟು ಶ್ರಮಪಟ್ಟರೋ ಆ ಕೊರತೆಯನ್ನು ಹೆಚ್ಚು ವರ್ಷಗಳು ಕಳೆಯುವುದರೊಳ

ಗಾಗಿ ಯಂತ್ರವು ನೀಗಿಸಿತು. ಮೈಕು ಬಂದಿತು. ಸಭೆಯಲ್ಲಿ ಬಂದಿತು, ಅದಕ್ಕಿಂತ ಹೆಚ್ಚಾಗಿ ರೇಡಿಯೋದಲ್ಲಿ ಬಂದಿತು. ೧೯೩೫ರ ಸೆಪ್ಟೆಂಬರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಅವರ ಸಾಹಸವದು. ಮೈಕಿನ ಮುಂದೆ ಎಲ್ಲ ನಾದವೂ ಒಂದೇ ದೂರದಲ್ಲಿದೆ. ಪಿಸುಮಾತೂ ಕೊನೆಯ ಸಾಲಿಗೆ ಮುಟ್ಟುತ್ತದೆ. ಕೊನೆಯ ಸಾಲೆಂಬುದು ಈಗ ಹತ್ತಾರು ಊರುಗಳಾಚೆಯ ಯಾವುದೋ ಮನೆಯ ಜಗಲಿ. ಗಾಯಕರು ಶ್ರುತಿಯನ್ನು ಇಳಿಸಿಕೊಂಡರು, ಕಂಠವನ್ನು ಮೃದುಗೊಳಿಸಿದರು. ನಾಲ್ಕು ತಂತಿಯ ಪಿಟೀಲಿಗೆ ಕೇಳಿಸದೆಂಬ ಭಯವಿಲ್ಲದಾಯಿತು. ಏಳು ತಂತಿಗಳ ಅವಶ್ಯಕತೆ ಹೋದ ಮೇಲೂ ಚೌಡಯ್ಯನವರು ಅವನ್ನು ಬಿಡಲಿಲ್ಲ. ಉಪಾಯವೆಂದು ತೊಡಗಿದುದು ಅಷ್ಟು ಹೊತ್ತಿಗೆ ಅವರ ಸ್ವಂತ ಧ್ವನಿಯಾಗಿಬಿಟ್ಟಿತ್ತು. ಇದನ್ನು ಹಟವೆನ್ನುವವರು ಎನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ಊರುಗೋಲೆಂದು ಹಿಡಿದುದು ಕೈಯೇ ಆಗಿಹೋದ ಮೇಲೆ ಬಿಸಾಡುವುದು ಯಾವುದನ್ನು?

ಅವರ ಉತ್ತರಜೀವನದ ಸನ್ಮಾನಗಳನ್ನು ದೀರ್ಘವಾಗಿ ಹೇಳಬೇಕಾಗಿಲ್ಲ. ಮೈಸೂರು ಆಸ್ಥಾನದ ವಿದ್ವಾಂಸರಾದರು. ತ್ರಿಮಕುಟವೆಂಬ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು. ಹುಟ್ಟೂರಿನ ಹೆಸರೇ ಸಂಸ್ಕೃತದ ಉಡುಪನ್ನು ತೊಟ್ಟು ಅಂಕಿತವಾಯಿತು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜನ್ನು ಸ್ಥಾಪಿಸಿದರು. ೧೯೪೩ರಲ್ಲಿ 'ವಾಣಿ' ಎಂಬ ಕನ್ನಡ ಚಲಚ್ಚಿತ್ರವನ್ನು ತೆಗೆಯಿಸಿದರು. ಪಿಟೀಲಿನ ವಿದ್ವಾಂಸನಿಗೆ ಚಲಚ್ಚಿತ್ರದ ಗೊಡವೆ ಏಕೆಂದು ಕೇಳಬಹುದು. ಕೊನೆಯ ಸಾಲಿನವನ ಚಿಂತೆ ಅವರನ್ನು ಅಲ್ಲಿಗೂ ಎಳೆದುಕೊಂಡು ಹೋಗಿರಬೇಕೆಂದು ನಾನು ಊಹಿಸುತ್ತೇನೆ. ಮದರಾಸಿನ ವಿದ್ವತ್ಸಭೆಯವರು ಸಂಗೀತ ಕಲಾನಿಧಿ ಪದವಿಯನ್ನು ದ್ವಾರಂ ಅವರಿಗೆ ೧೯೪೧ರಲ್ಲಿ, ರಾಜಮಾಣಿಕ್ಯಂ ಪಿಳ್ಳೆಯವರಿಗೆ ೧೯೪೮ರಲ್ಲಿ ಕೊಟ್ಟಿದ್ದರು. ಚೌಡಯ್ಯನವರಿಗೆ ೧೯೫೭ರಲ್ಲಿ ಕೊಟ್ಟರು. ಮೂವರಲ್ಲಿ ಕೊನೆಯ ಸರದಿ ಮೈಸೂರಿನವರದು; ನಮ್ಮವರೆಂಬ ಅಭಿಮಾನಕ್ಕೆ ಇದು ತಡವೆಂದು ತೋರುವುದು ಸಹಜ. ೧೯೬೭ನೆಯ ಇಸವಿ ಜನವರಿ ೧೯ರಂದು ಅವರು ತೀರಿಕೊಂಡರು. ನಾಲ್ಕು ದಿನಗಳ ತರುವಾಯ, ೨೩ರಂದು, ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರೂ ಹೋದರು.

ಏಳು ತಂತಿಗಳನ್ನು ಅವರ ತರುವಾಯ ಕೈಬಿಡದೆ ನುಡಿಸಿದವರಲ್ಲಿ ಶಿಷ್ಯರಾದ ಆರ್. ಆರ್. ಕೇಶವಮೂರ್ತಿಗಳು ಪ್ರಸಿದ್ಧರು, ಅವರು ೨೦೦೬ರವರೆಗೆ ಬದುಕಿದ್ದರು. ಉಳಿದ ಶಿಷ್ಯಪ್ರಶಿಷ್ಯರೂ, ಮೈಸೂರಿನ ಬೇರೆ ಮನೆತನಗಳವರೂ ನಾಲ್ಕಕ್ಕೆ ಮರಳಿದರು. ಈಗ ಲೋಕವನ್ನೆಲ್ಲ ಸುತ್ತುವ ಮೈಸೂರಿನ ನಾಗರಾಜ್, ಮಂಜುನಾಥ್ ಸಹೋದರರು ಬಾಲ್ಯದಲ್ಲಿಯೇ ವೇದಿಕೆಯನ್ನು ಏರಿದವರು. ಅವರ ತಂದೆ ಮಹದೇವಪ್ಪನವರೇ ಪಿಟೀಲಿನ ವಿದ್ವಾಂಸರು, ಅವರೇ ಗುರುಗಳು. ಪಿಟೀಲಿಗೂ ಈಗ ನಮ್ಮಲ್ಲಿ ತೊಟ್ಟಿಲು ದೊರೆತಂತಾಯಿತು.

ಬೆಂಗಳೂರಿನಲ್ಲಿ ಕೆ. ಕೆ. ಮೂರ್ತಿಯವರ ಪ್ರಯತ್ನದಿಂದ ೧೯೮೦ರಲ್ಲಿ ತೆರೆದ ಚೌಡಯ್ಯ ಸ್ಮಾರಕ ಭವನವನ್ನು ಕೇಳುಗರಲ್ಲಿ ಹಲವರು ನೋಡಿರಬಹುದು. ಕಟ್ಟಡವೇ ಒಂದು ಮಲಗಿಸಿದ ಪಿಟೀಲು. ತಂತಿಗಳೂ ಕಮಾನೂ ಹೊರಗೆ ಕಾಣುವಂತೆ ಕಟ್ಟಿದ್ದಾರೆ. ಸಾವಿರಕ್ಕೆ ಮೇಲ್ಪಟ್ಟು ಜನ ಕೂರುವ ಸ್ಥಳ. ಶಾಲೆಯ ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ ಚೌಡಯ್ಯನವರ ಹೆಸರನ್ನು ಹೇಳಿಕೊಡುತ್ತಾರೆ. ಮಕ್ಕಳು ತಂತಿಗಳನ್ನು ಎಣಿಸುತ್ತಾರೆ. ೧೯೧೦ರಿಂದ ೧೯೧೮ರವರೆಗಿನ ಎಂಟು ವರ್ಷಗಳನ್ನು ಇಟ್ಟಿಗೆ ಗಾರೆಗಳಲ್ಲಿ ತೋರಿಸುವುದು ಹೇಗೆ? ಅದು ಯಾವ ಶಿಲ್ಪಿಯಿಂದಲೂ ಆಗುವ ಕೆಲಸವಲ್ಲವಾದುದರಿಂದ ಯಾರನ್ನೂ ದೂರುವಂತಿಲ್ಲ.

ಗಲಗಲಿಯ ಸ್ನೇಹಿತರಿಗೆ ಇಷ್ಟನ್ನೂ ನಾನು ಮಾತಿನಲ್ಲಿ ಹೇಳಿದೆನು. ಅವರು ಸೌಜನ್ಯದಿಂದ ಕೇಳಿದರು, ಒಪ್ಪಿದಂತೆ ಕಾಣಲಿಲ್ಲ. ಮರುದಿನ ಬೆಳಗ್ಗೆ ಮನೆಯಲ್ಲಿ ಚೆಂಬೈಯವರ ಹಳೆಯ ಕಚೇರಿಯ ಮುದ್ರಿಕೆಯೊಂದನ್ನು ಹಾಕಿದೆನು. ಪಕ್ಕದಲ್ಲಿ ಚೌಡಯ್ಯನವರು. ಗಾಯಕರು ರಾಗವನ್ನು ಮುಗಿಸಿದರು, ಪಿಟೀಲು ತೊಡಗಿತು. ಸ್ನೇಹಿತರು ಕೈಯಲ್ಲಿದ್ದ ಕಾಫಿಯ ಲೋಟವನ್ನು ಕೆಳಗಿಟ್ಟು, ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಕುಳಿತಿದ್ದರು. ಆಮೇಲೆ, "ಆ ಪಿಟೀಲಿಂದು ಅಷ್ಟ ಇನ್ನೊಮ್ಮೆ ಹಚ್ಚರಿ," ಎಂದರು.